26 ಗವರ್ನರುಗಳು, 90 ವರ್ಷ: ರಿಸರ್ವ್ ಬ್ಯಾಂಕಿನ ಕುರ್ಚಿಯ ಲೆಕ್ಕಪತ್ರ

ಭಾರತೀಯ ರಿಸರ್ವ್ ಬ್ಯಾಂಕಿನ ಮೂಲ ಬಂಡವಾಳ ಇವತ್ತಿಗೂ 5 ಕೋಟಿ ರೂಪಾಯಿ. 1935ರ ಏಪ್ರಿಲ್ 1ರಂದು ಬ್ಯಾಂಕು ಬಾಗಿಲು ತೆರೆದಾಗ ಎಷ್ಟಿತ್ತೋ ಅಷ್ಟೇ ಇದೆ. ಆದರೆ 2025ರ ಮಾರ್ಚ್ ಅಂತ್ಯಕ್ಕೆ ಅದರ ಆಸ್ತಿ-ಹೊಣೆಗಳ ಪಟ್ಟಿ 76.25 ಲಕ್ಷ ಕೋಟಿ ರೂಪಾಯಿಗೆ ಬೆಳೆದಿದೆ. ಅದೇ ದಿನ ಜನರ ಕೈಯಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ, ಬ್ಯಾಂಕುಗಳ ತಿಜೋರಿಯಲ್ಲಿ ಇದ್ದ ನೋಟುಗಳ ಒಟ್ಟು ಮೌಲ್ಯ ಸುಮಾರು 36.86 ಲಕ್ಷ ಕೋಟಿ ರೂಪಾಯಿ. ಈ ನೋಟುಗಳಲ್ಲಿ ಒಂದೊಂದರ ಮೇಲೂ ಅದರ ಮೌಲ್ಯವನ್ನು ಕೊಡುತ್ತೇನೆ ಎಂಬ ವಚನವಿದೆ. ವಚನದ ಕೆಳಗೆ ಒಬ್ಬ ವ್ಯಕ್ತಿಯ ಸಹಿ ಇದೆ. ಅವರೇ ಗವರ್ನರ್.

ಒಂದು ರೂಪಾಯಿ ನೋಟು ಮಾತ್ರ ಇದಕ್ಕೆ ಹೊರತು. ಅದು ಸರ್ಕಾರದ ನೋಟು, ಅದಕ್ಕೆ ಸಹಿ ಹಾಕುವವರು ಹಣಕಾಸು ಕಾರ್ಯದರ್ಶಿ. ಉಳಿದೆಲ್ಲ ನೋಟುಗಳ ಹೊಣೆ ಮುಂಬೈಯ ಮಿಂಟ್ ರಸ್ತೆಯಲ್ಲಿ ಕೂರುವ ಗವರ್ನರ್ ಅವರದು. 90 ವರ್ಷಗಳಲ್ಲಿ ಆ ಕುರ್ಚಿಗೆ 26 ಮಂದಿ ಬಂದಿದ್ದಾರೆ. ಅವರ ವ್ಯಕ್ತಿತ್ವದ ಕಥೆಗಳು ಬೇಕಾದಷ್ಟು ಇವೆ. ಇಲ್ಲಿ ಅಂಕಿಗಳನ್ನಷ್ಟೇ ಮುಂದಿಟ್ಟುಕೊಂಡು ನೋಡೋಣ: ಯಾರು ಎಷ್ಟು ಕಾಲ ಕೂತರು, ಅವರ ಕಾಲದಲ್ಲಿ ಬಡ್ಡಿ, ಚಿನ್ನ, ಡಾಲರು, ನೋಟುಗಳ ಲೆಕ್ಕ ಹೇಗೆ ಏರಿತು, ಹೇಗೆ ಇಳಿಯಿತು, ಆ ಕುರ್ಚಿಗೆ ಕಾನೂನು ಎಷ್ಟು ಬಲ ಕೊಟ್ಟಿದೆ.

ಷೇರುದಾರರ ಬ್ಯಾಂಕು

ರಿಸರ್ವ್ ಬ್ಯಾಂಕು ಹುಟ್ಟಿದ್ದು ಖಾಸಗಿ ಷೇರುದಾರರ ಬ್ಯಾಂಕಾಗಿ. 1934ರ ಕಾಯ್ದೆಯಂತೆ ತಲಾ 100 ರೂಪಾಯಿಯ 5 ಲಕ್ಷ ಷೇರುಗಳನ್ನು ಹೊರಡಿಸಲಾಯಿತು. ಅದರಲ್ಲಿ ಸರ್ಕಾರದ ಪಾಲು ಕೇವಲ 2,20,000 ರೂಪಾಯಿ. ಕೇಂದ್ರ ಕಚೇರಿ ಮೊದಲು ಕಲ್ಕತ್ತದಲ್ಲಿತ್ತು, 1937ರಲ್ಲಿ ಮುಂಬೈಗೆ ಬಂತು. 1949ರ ಜನವರಿ 1ರಂದು ಸರ್ಕಾರ ಷೇರೊಂದಕ್ಕೆ 118 ರೂಪಾಯಿ 10 ಆಣೆ ಕೊಟ್ಟು ಬ್ಯಾಂಕನ್ನು ಪೂರ್ತಿ ತನ್ನದಾಗಿಸಿಕೊಂಡಿತು. ಅಂದರೆ ಇಡೀ ದೇಶದ ಕೇಂದ್ರೀಯ ಬ್ಯಾಂಕಿಗೆ ಸರ್ಕಾರ ತೆತ್ತ ಬೆಲೆ 6 ಕೋಟಿ ರೂಪಾಯಿಗೂ ಕಡಿಮೆ.

ಮೊದಲ ಗವರ್ನರ್ ಸರ್ ಆಸ್ಬರ್ನ್ ಸ್ಮಿತ್ ಇಂಪೀರಿಯಲ್ ಬ್ಯಾಂಕಿನಿಂದ ಬಂದವರು. ವಿನಿಮಯ ದರ ಮತ್ತು ಬಡ್ಡಿ ದರದ ವಿಷಯದಲ್ಲಿ ಅಂದಿನ ಸರ್ಕಾರಕ್ಕೂ ಅವರಿಗೂ ಹೊಂದಿಕೆಯಾಗಲಿಲ್ಲ. 2 ವರ್ಷ 3 ತಿಂಗಳಲ್ಲಿ ಹುದ್ದೆ ಬಿಟ್ಟರು. ಅವರ ಸಹಿ ಯಾವ ನೋಟಿನ ಮೇಲೂ ಬರಲೇ ಇಲ್ಲ. ರಿಸರ್ವ್ ಬ್ಯಾಂಕಿನ ಮೊದಲ ನೋಟು, 5 ರೂಪಾಯಿಯದು, ಹೊರಬಂದದ್ದು 1938ರ ಜನವರಿಯಲ್ಲಿ. ಅದರ ಮೇಲಿದ್ದದ್ದು ಎರಡನೆಯ ಗವರ್ನರ್ ಸರ್ ಜೇಮ್ಸ್ ಟೇಲರ್ ಅವರ ಸಹಿ. ಟೇಲರ್ 1943ರ ಫೆಬ್ರವರಿ 17ರಂದು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಹೆಚ್ಚುಕಡಿಮೆ 6 ತಿಂಗಳು ಪೂರ್ಣಾವಧಿ ಗವರ್ನರ್ ಇರಲಿಲ್ಲ. ಆಗಸ್ಟ್ 11ರಂದು ಸಿ.ಡಿ. ದೇಶಮುಖ್ ಗವರ್ನರ್ ಆದರು. ಆ ಹುದ್ದೆಗೆ ಬಂದ ಮೊದಲ ಭಾರತೀಯ ಅವರೇ.

ಅವಧಿಯ ಲೆಕ್ಕ

1935ರ ಏಪ್ರಿಲ್ 1ರಿಂದ 2024ರ ಡಿಸೆಂಬರ್ 10ರವರೆಗೆ 25 ಗವರ್ನರುಗಳು ಅಧಿಕಾರ ಮುಗಿಸಿದ್ದಾರೆ. 26ನೆಯವರಾದ ಸಂಜಯ್ ಮಲ್ಹೋತ್ರ ಮರುದಿನ, ಡಿಸೆಂಬರ್ 11ರಂದು ಅಧಿಕಾರ ವಹಿಸಿಕೊಂಡರು. ಟೇಲರ್ ನಿಧನದ ನಂತರದ ಖಾಲಿ ಕಾಲವನ್ನು ಕಳೆದರೆ 25 ಮಂದಿಯ ಸರಾಸರಿ ಅವಧಿ ಸುಮಾರು 3 ವರ್ಷ 7 ತಿಂಗಳು. ಆದರೆ ಸರಾಸರಿಯೊಂದನ್ನೇ ನಂಬಿದರೆ ಚಿತ್ರ ಸಿಗದು. ಬಿಡಿಸಿ ನೋಡಿದರೆ ಹೀಗಿದೆ:

5 ವರ್ಷ ಅಥವಾ ಅದಕ್ಕಿಂತ ಹೆಚ್ಚು, ಎರಡು ದಿನಗಳ ಕೊರತೆಯನ್ನು ಎಣಿಸದೆ: 10 ಮಂದಿ — ಟೇಲರ್, ದೇಶಮುಖ್, ಬೆನೆಗಲ್ ರಾಮರಾವ್, ಎಚ್.ವಿ.ಆರ್. ಅಯ್ಯಂಗಾರ್, ಪಿ.ಸಿ. ಭಟ್ಟಾಚಾರ್ಯ, ಆರ್.ಎನ್. ಮಲ್ಹೋತ್ರ, ಬಿಮಲ್ ಜಲಾನ್, ವೈ.ವಿ. ರೆಡ್ಡಿ, ಡಿ. ಸುಬ್ಬರಾವ್, ಶಕ್ತಿಕಾಂತ ದಾಸ್.

1 ವರ್ಷದಿಂದ 5 ವರ್ಷದೊಳಗೆ: 10 ಮಂದಿ — ಸ್ಮಿತ್, ಎಲ್.ಕೆ. ಝಾ, ಎಸ್. ಜಗನ್ನಾಥನ್, ಕೆ.ಆರ್. ಪುರಿ, ಐ.ಜಿ. ಪಟೇಲ್, ಮನಮೋಹನ್ ಸಿಂಗ್, ಎಸ್. ವೆಂಕಿಟರಮಣನ್, ಸಿ. ರಂಗರಾಜನ್, ರಘುರಾಮ್ ರಾಜನ್, ಊರ್ಜಿತ್ ಪಟೇಲ್.

1 ವರ್ಷಕ್ಕಿಂತ ಕಡಿಮೆ: 5 ಮಂದಿ — ಕೆ.ಜಿ. ಅಂಬೇಗಾಂವ್ಕರ್, ಬಿ.ಎನ್. ಅಡಾರ್ಕರ್, ಎನ್.ಸಿ. ಸೇನ್‌ಗುಪ್ತ, ಎಂ. ನರಸಿಂಹಂ, ಅಮಿತಾವ್ ಘೋಷ್.

ಕೊನೆಯ ಐವರಲ್ಲಿ ಘೋಷ್ ಅವರದು ಅತಿ ಚಿಕ್ಕ ಅವಧಿ. 1985ರ ಜನವರಿ 15ರಿಂದ ಫೆಬ್ರವರಿ 4ರವರೆಗೆ, 20 ದಿನ. ಅಷ್ಟರಲ್ಲೂ ಅವರ ಸಹಿಯ 10 ರೂಪಾಯಿ ನೋಟು ಬಂತು. ಹಳೆಯ ನೋಟು ಕೂಡಿಡುವವರು ಇವತ್ತಿಗೂ ಅದನ್ನು ಹುಡುಕುತ್ತಾರೆ. ಅಂಬೇಗಾಂವ್ಕರ್ ಮತ್ತು ಅಡಾರ್ಕರ್ ತಲಾ ಒಂದೂವರೆ ತಿಂಗಳು ಇದ್ದರು. ಸೇನ್‌ಗುಪ್ತ 3 ತಿಂಗಳು, ನರಸಿಂಹಂ 7 ತಿಂಗಳು. ನರಸಿಂಹಂ ರಿಸರ್ವ್ ಬ್ಯಾಂಕಿನ ಸ್ವಂತ ನೌಕರವರ್ಗದಿಂದಲೇ ಮೇಲೇರಿ ಗವರ್ನರ್ ಆದ ಒಬ್ಬರೇ ಒಬ್ಬರು. ಬ್ಯಾಂಕು ತನ್ನೊಳಗೇ ಬೆಳೆಸಿದ ಗವರ್ನರಿಗೆ ಸಿಕ್ಕಿದ್ದು ಆ 7 ತಿಂಗಳು. ಈ ಐವರನ್ನು ಪಕ್ಕಕ್ಕಿಟ್ಟರೆ ಉಳಿದ 20 ಮಂದಿಯ ಸರಾಸರಿ 4 ವರ್ಷ 5 ತಿಂಗಳಿಗೆ ಏರುತ್ತದೆ.

ಇನ್ನೆರಡು ಕಾಲಘಟ್ಟಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1967ರ ಜುಲೈನಿಂದ 1977ರ ನವೆಂಬರ್‌ವರೆಗಿನ 10 ವರ್ಷ 5 ತಿಂಗಳಲ್ಲಿ 6 ಗವರ್ನರುಗಳು ಬಂದು ಹೋದರು. ತಲಾ 1 ವರ್ಷ 9 ತಿಂಗಳು. 1992ರ ಡಿಸೆಂಬರ್‌ನಿಂದ 2013ರ ಸೆಪ್ಟೆಂಬರ್‌ವರೆಗಿನ 20 ವರ್ಷ 8 ತಿಂಗಳಲ್ಲಿ ಬಂದವರು ನಾಲ್ವರೇ: ರಂಗರಾಜನ್, ಜಲಾನ್, ರೆಡ್ಡಿ, ಸುಬ್ಬರಾವ್. ತಲಾ 5 ವರ್ಷಕ್ಕೂ ಹೆಚ್ಚು. ಮೊದಲ ಘಟ್ಟದಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣವಾಯಿತು, 1971ರ ಯುದ್ಧ ನಡೆಯಿತು, 1973ರಲ್ಲಿ ತೈಲದ ಬೆಲೆ ಸಿಡಿಯಿತು, ತುರ್ತು ಪರಿಸ್ಥಿತಿ ಬಂತು. 1974-75ರಲ್ಲಿ ಸಗಟು ಬೆಲೆ ಏರಿಕೆ ಶೇ 25 ಮುಟ್ಟಿತು. 1974ರ ಜುಲೈನಲ್ಲಿ ಬ್ಯಾಂಕ್ ದರವನ್ನು, ಅಂದರೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು ಕೊಡುವ ಸಾಲದ ಬಡ್ಡಿಯನ್ನು, ಒಂದೇ ಏಟಿಗೆ ಶೇ 7ರಿಂದ ಶೇ 9ಕ್ಕೆ ಏರಿಸಬೇಕಾಯಿತು. ಈ ಎಲ್ಲ ಹೊಡೆತಕ್ಕೆ ಗವರ್ನರುಗಳ ಬದಲಾವಣೆ ಕಾರಣವಲ್ಲ. ಆದರೆ ಕೈ ಗಟ್ಟಿಯಾಗಿರಬೇಕಾದ ಕಾಲದಲ್ಲೇ ಕೈ ಮೇಲಿಂದ ಮೇಲೆ ಬದಲಾಯಿತು ಎಂಬುದು ಲೆಕ್ಕದಲ್ಲಿ ಸ್ಪಷ್ಟ.

ಅತಿ ದೀರ್ಘ ಅವಧಿ, ಅತಿ ಕಹಿ ಕೊನೆ

ಎಲ್ಲರಿಗಿಂತ ಹೆಚ್ಚು ಕಾಲ ಕೂತವರು ಬೆನೆಗಲ್ ರಾಮರಾವ್. 1949ರ ಜುಲೈ 1ರಿಂದ 1957ರ ಜನವರಿ 14ರವರೆಗೆ, ಏಳೂವರೆ ವರ್ಷ. ಮಂಗಳೂರು ಮೂಲದ ಬೆನೆಗಲ್ ಮನೆತನದವರು. ಸಂವಿಧಾನ ಸಭೆಯ ಸಲಹೆಗಾರ ಬಿ.ಎನ್. ರಾವ್ ಮತ್ತು ಪತ್ರಕರ್ತ, ಸಂಸದ ಬಿ. ಶಿವರಾವ್ ಇವರ ಸಹೋದರರು.

ಬ್ಯಾಂಕ್ ದರ 1935ರ ನವೆಂಬರ್‌ನಿಂದ ಶೇ 3ರಲ್ಲೇ ನಿಂತಿತ್ತು. ಮಹಾಯುದ್ಧ, ದೇಶ ವಿಭಜನೆ ಯಾವುದಕ್ಕೂ ಅಲುಗಿರಲಿಲ್ಲ. 16 ವರ್ಷಗಳ ನಂತರ, 1951ರ ನವೆಂಬರ್ 15ರಂದು ಅದನ್ನು ಶೇ 3.5ಕ್ಕೆ ಏರಿಸಿದವರು ರಾಮರಾವ್. ಅದೇ ಬಡ್ಡಿ ದರದ ವಿಷಯವೇ ಅವರ ನಿರ್ಗಮನಕ್ಕೂ ಕಾರಣವಾಯಿತು. 1956ರ ಕೊನೆಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕವನ್ನು ಏರಿಸಿದರು. ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಸಾಲ ಪಡೆಯುತ್ತಿದ್ದದ್ದು ಆ ಹುಂಡಿಗಳ ಆಧಾರದ ಮೇಲೆಯೇ. ಶುಲ್ಕ ಏರಿದರೆ ಸಾಲದ ಖರ್ಚೂ ಏರುತ್ತದೆ. ಗವರ್ನರ್ ಏರಿಸದ ಬಡ್ಡಿಯನ್ನು ಸಚಿವರು ತೆರಿಗೆಯ ದಾರಿಯಿಂದ ಏರಿಸಿದಂತಾಯಿತು. ರಾಮರಾವ್ ಪ್ರತಿಭಟಿಸಿದರು, ಬ್ಯಾಂಕಿನ ಕೇಂದ್ರ ಮಂಡಳಿಯೂ ಅವರ ಪರ ನಿಂತಿತು. ರಿಸರ್ವ್ ಬ್ಯಾಂಕು ತಮ್ಮ ಸಚಿವಾಲಯದ ಒಂದು ವಿಭಾಗ ಎಂಬುದು ಕೃಷ್ಣಮಾಚಾರಿಯವರ ನಿಲುವಾಗಿತ್ತು. ಪ್ರಧಾನಿ ನೆಹರೂ ಸಚಿವರ ಮಾತನ್ನೇ ಎತ್ತಿಹಿಡಿದರು. ರಾಮರಾವ್ ರಾಜೀನಾಮೆ ಕೊಟ್ಟರು. ಅವರು ಹೋದ ನಾಲ್ಕು ತಿಂಗಳಿಗೆ, 1957ರ ಮೇ 16ರಂದು, ಬ್ಯಾಂಕ್ ದರ ಶೇ 4ಕ್ಕೆ ಏರಿತು.

ಅಂದಿನ ಜಗಳ ನಡೆದದ್ದು ಶೇ ಅರ್ಧದಷ್ಟು ಬಡ್ಡಿಗೆ. ಆದರೆ ಅದು ಎತ್ತಿದ ಪ್ರಶ್ನೆ ದೊಡ್ಡದು. ಬಡ್ಡಿ ಎಷ್ಟಿರಬೇಕು ಎಂದು ಹೇಳುವವರು ಯಾರು? ಕಾನೂನಿನಲ್ಲಿ ಇದಕ್ಕೆ ನೇರ ಉತ್ತರ ಬರಲು ಮತ್ತೆ 59 ವರ್ಷ ಹಿಡಿಯಿತು.

ಠೇವಣಿಯ 100 ರೂಪಾಯಿ ಎಲ್ಲಿಗೆ ಹೋಗುತ್ತಿತ್ತು

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡಾಗ ಎಲ್.ಕೆ. ಝಾ ಗವರ್ನರ್. 1980ರ ಏಪ್ರಿಲ್ 15ರಂದು ಇನ್ನೂ 6 ಬ್ಯಾಂಕುಗಳು ಸೇರಿದಾಗ ಐ.ಜಿ. ಪಟೇಲ್. ಈ 20 ಬ್ಯಾಂಕುಗಳಲ್ಲಿ 4 ನಮ್ಮ ಕರಾವಳಿಯಲ್ಲಿ ಹುಟ್ಟಿದವು: ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್ ಮತ್ತು ವಿಜಯಾ. ಎರಡೂ ಬಾರಿ ತೀರ್ಮಾನ ಸರ್ಕಾರದ್ದು, ಅದನ್ನು ನಡೆಸಿಕೊಂಡು ಹೋಗುವ ಹೊಣೆ ರಿಸರ್ವ್ ಬ್ಯಾಂಕಿನದು. 1969ರಲ್ಲಿ ದೇಶದಲ್ಲಿದ್ದ ಬ್ಯಾಂಕ್ ಶಾಖೆಗಳು 8,262. 1990ರ ಮಾರ್ಚ್ ಹೊತ್ತಿಗೆ 59,752. ಒಂದು ಶಾಖೆಗೆ ಸುಮಾರು 64 ಸಾವಿರ ಜನ ಇದ್ದದ್ದು 14 ಸಾವಿರಕ್ಕೆ ಇಳಿಯಿತು. ಹಳ್ಳಿಯವರ ಕೈಗೂ ಪಾಸ್‌ಬುಕ್ ಬಂದದ್ದು ಈ 20 ವರ್ಷಗಳಲ್ಲಿ. ಇದು ಸಣ್ಣ ಸಾಧನೆಯಲ್ಲ.

ಆದರೆ ಅದೇ ಪಾಸ್‌ಬುಕ್ಕಿನ ಹಣ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನೂ ನೋಡಬೇಕು. ಬ್ಯಾಂಕುಗಳು ಠೇವಣಿಯ ಒಂದು ಪಾಲನ್ನು ರಿಸರ್ವ್ ಬ್ಯಾಂಕಿನಲ್ಲಿ ನಗದಾಗಿ ಇಡಬೇಕು, ಇದು ಸಿಆರ್‌ಆರ್. ಇನ್ನೊಂದು ಪಾಲನ್ನು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲಿ ಹೂಡಬೇಕು, ಇದು ಎಸ್‌ಎಲ್‌ಆರ್. 1990ರ ಸೆಪ್ಟೆಂಬರ್ ಹೊತ್ತಿಗೆ ಸಿಆರ್‌ಆರ್ ಶೇ 15, ಎಸ್‌ಎಲ್‌ಆರ್ ಶೇ 38.5. ಅಂದರೆ ರೈತನೋ ಮೇಷ್ಟರೋ ಇಟ್ಟ 100 ರೂಪಾಯಿಯಲ್ಲಿ 53 ರೂಪಾಯಿ 50 ಪೈಸೆ ಮೊದಲೇ ಕಟ್ಟುಬೀಳುತ್ತಿತ್ತು. ಉಳಿದ 46 ರೂಪಾಯಿ 50 ಪೈಸೆಯಲ್ಲಿ ಕೃಷಿ, ಕೈಗಾರಿಕೆ, ವ್ಯಾಪಾರ ಎಲ್ಲಕ್ಕೂ ಸಾಲ ಕೊಡಬೇಕಿತ್ತು. ಈಗ ಎಸ್‌ಎಲ್‌ಆರ್ ಶೇ 18. 2025ರ ಜೂನ್‌ನಲ್ಲಿ ಪ್ರಕಟವಾದಂತೆ ಸಿಆರ್‌ಆರ್ ನಾಲ್ಕು ಕಂತುಗಳಲ್ಲಿ ಶೇ 4ರಿಂದ ಶೇ 3ಕ್ಕೆ ಇಳಿಯಿತು. ಈಗ ಕಟ್ಟುಬೀಳುವುದು 100ಕ್ಕೆ 21 ರೂಪಾಯಿ. ಸಿಆರ್‌ಆರ್‌ನಲ್ಲಿ ಆ ಶೇ 1ರ ಇಳಿಕೆಯೊಂದರಿಂದಲೇ ಬ್ಯಾಂಕುಗಳ ಕೈಗೆ ಸುಮಾರು 2.5 ಲಕ್ಷ ಕೋಟಿ ರೂಪಾಯಿ ಸಿಗುತ್ತದೆ ಎಂದು ರಿಸರ್ವ್ ಬ್ಯಾಂಕೇ ಲೆಕ್ಕ ಹಾಕಿತ್ತು.

ಇನ್ನೊಂದು ಮಾತನ್ನೂ ಸೇರಿಸಬೇಕು. ಶೇ 38.5ರ ಕಾಲದಲ್ಲಿ ಗವರ್ನರ್ ಆಗಿದ್ದ ಆರ್.ಎನ್. ಮಲ್ಹೋತ್ರ ಹೆಚ್ಚುಕಡಿಮೆ 6 ವರ್ಷ ಅಧಿಕಾರದಲ್ಲಿದ್ದರು. ದೀರ್ಘ ಅವಧಿ ಇದ್ದ ಮಾತ್ರಕ್ಕೆ ಸರ್ಕಾರದ ಸಾಲದ ಹಸಿವನ್ನು ತಡೆಯಲು ಆಗುವುದಿಲ್ಲ. ಅದಕ್ಕೆ ಬರಹದಲ್ಲಿ ಕಟ್ಟಳೆ ಬೇಕು.

ಒತ್ತೆ ಹೋದ 47 ಟನ್ ಚಿನ್ನ

ಕಟ್ಟಳೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 1991 ತೋರಿಸಿತು. ಆ ವರ್ಷದ ಮಾರ್ಚ್ ಕೊನೆಗೆ ಚಿನ್ನವೂ ಸೇರಿ ದೇಶದ ವಿದೇಶಿ ವಿನಿಮಯ ಸಂಗ್ರಹ 580 ಕೋಟಿ ಡಾಲರ್. ಮುಂದಿನ ವಾರಗಳಲ್ಲಿ ಕೈಯಲ್ಲಿದ್ದ ಡಾಲರು ಎರಡು-ಮೂರು ವಾರದ ಆಮದಿಗೆ ಮಾತ್ರ ಸಾಲುವಷ್ಟು ಕರಗಿತು. ಗವರ್ನರ್ ಎಸ್. ವೆಂಕಿಟರಮಣನ್ ಬಂದು ಆರು ತಿಂಗಳೂ ಆಗಿರಲಿಲ್ಲ. ಮೇ ತಿಂಗಳಲ್ಲಿ ಸರ್ಕಾರದ ಬಳಿಯಿದ್ದ 20 ಟನ್ ಚಿನ್ನವನ್ನು ಸ್ಟೇಟ್ ಬ್ಯಾಂಕಿನ ಮೂಲಕ ವಿದೇಶದಲ್ಲಿ ಮಾರಿ ಸುಮಾರು 20 ಕೋಟಿ ಡಾಲರ್ ಪಡೆಯಲಾಯಿತು. ಮರಳಿ ಕೊಳ್ಳುವ ಹಕ್ಕನ್ನು ಉಳಿಸಿಕೊಂಡೇ ಮಾರಿದ್ದು. ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಸ್ವಂತ ಚಿನ್ನ, ಸುಮಾರು 47 ಟನ್, ಲಂಡನ್ನಿಗೆ ಹೋಯಿತು. ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ ಅದರ ಮೇಲೆ ಸುಮಾರು 40 ಕೋಟಿ ಡಾಲರ್ ಸಾಲ ಬಂತು. ಅದೇ ಜುಲೈ 1 ಮತ್ತು 3ರಂದು ರೂಪಾಯಿಯನ್ನು ಎರಡು ಹಂತಗಳಲ್ಲಿ ಅಪಮೌಲ್ಯಗೊಳಿಸಲಾಯಿತು. ಬ್ಯಾಂಕ್ ದರ ಜುಲೈನಲ್ಲಿ ಶೇ 11ಕ್ಕೆ, ಅಕ್ಟೋಬರ್‌ನಲ್ಲಿ ಶೇ 12ಕ್ಕೆ ಏರಿತು. ಹಣಕಾಸು ಸಚಿವರಾಗಿದ್ದವರು ಮನಮೋಹನ್ ಸಿಂಗ್, 1982ರಿಂದ 1985ರವರೆಗೆ ಗವರ್ನರ್ ಆಗಿದ್ದವರು. ಗವರ್ನರ್ ಹುದ್ದೆಯಿಂದ ಹಣಕಾಸು ಸಚಿವ ಸ್ಥಾನಕ್ಕೆ ಏರಿದ ಇನ್ನೊಬ್ಬರು ದೇಶಮುಖ್.

ಮುಂದಿನ ಅಂಕಿಗಳನ್ನು ನೋಡಿ. 2009ರ ನವೆಂಬರ್‌ನಲ್ಲಿ, ಸುಬ್ಬರಾವ್ ಕಾಲದಲ್ಲಿ, ರಿಸರ್ವ್ ಬ್ಯಾಂಕು ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 200 ಟನ್ ಚಿನ್ನ ಕೊಂಡಿತು. ಕೊಟ್ಟ ಬೆಲೆ 670 ಕೋಟಿ ಡಾಲರ್. 2025ರ ಮಾರ್ಚ್ ಅಂತ್ಯಕ್ಕೆ ಅದರ ಚಿನ್ನದ ಸಂಗ್ರಹ ಸುಮಾರು 880 ಟನ್. ಅದರಲ್ಲಿ ಸುಮಾರು 512 ಟನ್ ದೇಶದೊಳಗಿನ ತಿಜೋರಿಗಳಲ್ಲೇ ಇತ್ತು. 2024ರ ಸೆಪ್ಟೆಂಬರ್ 27ರಂದು ವಿದೇಶಿ ವಿನಿಮಯ ಸಂಗ್ರಹ 70,490 ಕೋಟಿ ಡಾಲರ್‌ಗೆ ಮುಟ್ಟಿತ್ತು. 1991ರ ಮಾರ್ಚ್‌ನ ಸುಮಾರು 120 ಪಟ್ಟು.

ಸರ್ಕಾರದ ಕೈಗೆ ಬಿದ್ದ ಕಡಿವಾಣ

1991ರ ನಂತರ ಹೆಚ್ಚು ಸುದ್ದಿಯಾಗದ ಒಂದು ಒಪ್ಪಂದ ಆಯಿತು. 1955ರಿಂದ ಒಂದು ಪದ್ಧತಿ ನಡೆದುಬಂದಿತ್ತು. ರಿಸರ್ವ್ ಬ್ಯಾಂಕಿನಲ್ಲಿ ಸರ್ಕಾರದ ಖಾತೆಯ ಶಿಲ್ಕು 50 ಕೋಟಿ ರೂಪಾಯಿಗಿಂತ ಕೆಳಗೆ ಹೋದರೆ ತಾನಾಗಿಯೇ ಅಲ್ಪಾವಧಿ ಸಾಲಪತ್ರ ಹುಟ್ಟಿಸಿ ಖಾತೆಯನ್ನು ತುಂಬಬೇಕು. ತಾತ್ಕಾಲಿಕ ಏರ್ಪಾಡು ಎಂದು ಶುರುವಾದದ್ದು ನಾಲ್ಕು ದಶಕ ನಡೆಯಿತು. ಸರ್ಕಾರದ ಕೊರತೆ ಎಷ್ಟೇ ಇರಲಿ, ಅಷ್ಟು ಹೊಸ ಹಣ ಸೃಷ್ಟಿಯಾಗುತ್ತಿತ್ತು. ಹೊಸ ಹಣದ ಜೊತೆ ಬೆಲೆಯೂ ಏರುತ್ತಿತ್ತು.

ಗವರ್ನರ್ ಸಿ. ರಂಗರಾಜನ್ ಮತ್ತು ಕೇಂದ್ರ ಸರ್ಕಾರದ ನಡುವೆ 1994ರ ಸೆಪ್ಟೆಂಬರ್ 9ರಂದು ಆದ ಒಪ್ಪಂದ ಇದಕ್ಕೆ ಅಂತ್ಯ ಹಾಡಿತು. ಮೊದಲ ವರ್ಷ ಈ ಸಾಲಪತ್ರಗಳಿಂದ ಸರ್ಕಾರ ಪಡೆಯುವ ನಿವ್ವಳ ಸಾಲ ವರ್ಷದ ಕೊನೆಗೆ 6,000 ಕೋಟಿ ರೂಪಾಯಿ ಮೀರಬಾರದು, ನಡುವೆ ಸತತ 10 ಕೆಲಸದ ದಿನಗಳಿಗಿಂತ ಹೆಚ್ಚು ಕಾಲ 9,000 ಕೋಟಿ ದಾಟಬಾರದು ಎಂದು ಮಿತಿ ಹಾಕಲಾಯಿತು. 1997ರ ಏಪ್ರಿಲ್ 1ರಿಂದ ಪದ್ಧತಿಯೇ ನಿಂತಿತು. ಆನಂತರ ಸರ್ಕಾರಕ್ಕೆ ಸಿಗುವುದು ಮಿತಿಯುಳ್ಳ, ಬಡ್ಡಿ ಕಟ್ಟಿ ಹಿಂತಿರುಗಿಸಬೇಕಾದ ಕೈಸಾಲ. 90 ವರ್ಷಗಳಲ್ಲಿ ಗವರ್ನರ್ ಒಬ್ಬರು ಮಾಡಿದ ಅತಿ ದೊಡ್ಡ ಕೆಲಸ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ರಂಗರಾಜನ್ ಅವರಿಗೆ ಸಿಕ್ಕಿದ್ದು ಐದಕ್ಕೆ ಒಂದೇ ತಿಂಗಳು ಕಡಿಮೆ, 4 ವರ್ಷ 11 ತಿಂಗಳು. ಒಪ್ಪಂದ ಮಾಡಿದವರೇ ಅದನ್ನು ದಡ ಮುಟ್ಟಿಸಲು ಆ ಅವಧಿ ಸಾಕಾಯಿತು.

ಗವರ್ನರ್ ಮತ್ತು ನಿಮ್ಮ ಮನೆ ಕಂತು

ಬಡ್ಡಿ ದರ ಯಾರ ಕೈಯಲ್ಲಿ ಎಂಬ 1957ರ ಪ್ರಶ್ನೆಗೆ ಉತ್ತರ ಬಂದದ್ದು 2016ರಲ್ಲಿ. ಕಾಯ್ದೆಗೆ ತಿದ್ದುಪಡಿ ತಂದು 6 ಸದಸ್ಯರ ಹಣಕಾಸು ನೀತಿ ಸಮಿತಿಯನ್ನು ರಚಿಸಲಾಯಿತು. ಗವರ್ನರ್ ಸೇರಿ ರಿಸರ್ವ್ ಬ್ಯಾಂಕಿನ ಮೂವರು, ಸರ್ಕಾರ ನೇಮಿಸುವ ಹೊರಗಿನ ಮೂವರು. ಮತ 3-3 ಆದರೆ ಗವರ್ನರ್ ಅವರ ಹೆಚ್ಚುವರಿ ಮತವೇ ನಿರ್ಣಾಯಕ. ಗುರಿಯೂ ಅಂಕಿಯಲ್ಲೇ ಇದೆ: ಚಿಲ್ಲರೆ ಬೆಲೆ ಏರಿಕೆ ಶೇ 4, ಮೇಲೆ ಕೆಳಗೆ ಶೇ 2ರ ಅವಕಾಶ. ಸತತ 3 ತ್ರೈಮಾಸಿಕ ಶೇ 6 ಮೀರಿದರೆ ಕಾರಣ ಏನು, ಪರಿಹಾರ ಏನು ಎಂದು ರಿಸರ್ವ್ ಬ್ಯಾಂಕು ಸರ್ಕಾರಕ್ಕೆ ಪತ್ರ ಬರೆಯಬೇಕು. 2022ರಲ್ಲಿ ಹಾಗೆಯೇ ಆಯಿತು. ಆ ವರ್ಷದ ಏಪ್ರಿಲ್‌ನಲ್ಲಿ ಬೆಲೆ ಏರಿಕೆ ಶೇ 7.79 ಮುಟ್ಟಿತ್ತು. ಪತ್ರವೇನೋ ಹೋಯಿತು, ಆದರೆ ಅದರಲ್ಲಿ ಏನಿದೆ ಎಂಬುದನ್ನು ಜನರ ಮುಂದೆ ಇಡಲಿಲ್ಲ. ಬೆಲೆ ಏರಿಕೆಯ ಭಾರ ಹೊತ್ತವರಿಗೆ ಆ ವಿವರಣೆ ಓದುವ ಹಕ್ಕಿತ್ತು.

ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು ಕೊಡುವ ಅಲ್ಪಾವಧಿ ಸಾಲದ ಬಡ್ಡಿಯೇ ರೆಪೊ ದರ. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಿಗೆ, ಅದು ಶೇ 4ಕ್ಕೆ ಇಳಿದಿತ್ತು. 2022ರ ಮೇ 4ರಿಂದ 2023ರ ಫೆಬ್ರವರಿ 8ರವರೆಗೆ 6 ಬಾರಿ ಏರಿ ಶೇ 6.5ಕ್ಕೆ ನಿಂತಿತು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸ ಗೃಹಸಾಲದ ಬದಲಾಗುವ ಬಡ್ಡಿಯನ್ನು ರೆಪೊದಂಥ ಹೊರಗಿನ ದರಕ್ಕೆ ಜೋಡಿಸಬೇಕೆಂಬ ನಿಯಮವಿದೆ. ಆದ್ದರಿಂದ ಮಿಂಟ್ ರಸ್ತೆಯ ತೀರ್ಮಾನ ನೇರ ಮನೆಗೆ ಬರುತ್ತದೆ.

ಒಂದು ಲೆಕ್ಕ ಹಾಕೋಣ. 25 ಲಕ್ಷ ರೂಪಾಯಿ ಗೃಹಸಾಲ, 20 ವರ್ಷದ ಅವಧಿ. ಬಡ್ಡಿ ಶೇ 7 ಇದ್ದರೆ ತಿಂಗಳ ಕಂತು 19,382 ರೂಪಾಯಿ. ಅದೇ ಬಡ್ಡಿ ಎರಡೂವರೆ ಅಂಶ ಏರಿ ಶೇ 9.5 ಆದರೆ ಕಂತು 23,303 ರೂಪಾಯಿ. ತಿಂಗಳಿಗೆ 3,921 ರೂಪಾಯಿ ಹೆಚ್ಚು, ವರ್ಷಕ್ಕೆ 47,000 ದಾಟುತ್ತದೆ. 2025ರ ಫೆಬ್ರವರಿಯಿಂದ ಜೂನ್‌ವರೆಗೆ ಮೂರು ಬಾರಿ ರೆಪೊ ದರ ಇಳಿದು ಶೇ 5.5ಕ್ಕೆ ಬಂತು. ಆ ಒಂದು ಅಂಶದ ಇಳಿಕೆ ಪೂರ್ತಿಯಾಗಿ ಸಾಲಗಾರನಿಗೆ ತಲುಪಿದರೆ ಶೇ 9.5 ಇದ್ದದ್ದು ಶೇ 8.5 ಆಗಿ ಕಂತು 21,696 ರೂಪಾಯಿಗೆ ಇಳಿಯುತ್ತದೆ. ತಿಂಗಳಿಗೆ 1,607 ರೂಪಾಯಿ ಉಳಿತಾಯ. ಬಹುಪಾಲು ಬ್ಯಾಂಕುಗಳು ಬಡ್ಡಿ ಏರಿದಾಗ ಕಂತಿನ ಬದಲು ಅವಧಿಯನ್ನು ಎಳೆಯುತ್ತವೆ. ಸಾಲಗಾರರು ತಮ್ಮ ಖಾತೆಯಲ್ಲಿ ಎರಡನ್ನೂ ನೋಡಿಕೊಳ್ಳಬೇಕು.

ಇದರ ಇನ್ನೊಂದು ಮಗ್ಗುಲನ್ನೂ ಮರೆಯಬಾರದು. ರೆಪೊ ಇಳಿದಾಗ ಸಾಲಗಾರನಿಗೆ ಸಿಗುವ ಸಮಾಧಾನವೇ ಠೇವಣಿಯ ಬಡ್ಡಿಯಲ್ಲಿ ಬದುಕುವ ನಿವೃತ್ತರಿಗೆ ಕೊರತೆಯಾಗುತ್ತದೆ. ಗವರ್ನರ್ ಕೆಲಸದ ಕಷ್ಟವೇ ಇದು. ಯಾವ ತೀರ್ಮಾನವೂ ಎಲ್ಲರಿಗೂ ಹಿತವಾಗುವುದಿಲ್ಲ. ಚುನಾವಣೆ ಎದುರಿಸುವವರ ಕೈಯಿಂದ ಈ ತೀರ್ಮಾನವನ್ನು ದೂರ ಇಟ್ಟಿರುವುದೂ ಅದಕ್ಕೇ.

ನೋಟಿನ ಖರ್ಚು

ದೇಶದ ಹಣದಲ್ಲಿ ದೊಡ್ಡ ಮುಖಬೆಲೆಯ ನೋಟುಗಳನ್ನು ರದ್ದು ಮಾಡಿದ್ದು ಮೂರು ಬಾರಿ: 1946, 1978 ಮತ್ತು 2016. 1946ರಲ್ಲಿ ದೇಶಮುಖ್ ಗವರ್ನರ್. ಚಲಾವಣೆಯಲ್ಲಿದ್ದ 143.97 ಕೋಟಿ ರೂಪಾಯಿ ಮೌಲ್ಯದ ದೊಡ್ಡ ನೋಟುಗಳಲ್ಲಿ 1947ರ ಅಂತ್ಯದ ಹೊತ್ತಿಗೆ ಸುಮಾರು 134.9 ಕೋಟಿ ರೂಪಾಯಿಯ ನೋಟುಗಳು ವಾಪಸು ಬಂದವು, ಶೇ 94ರಷ್ಟು. 2016ರ ನವೆಂಬರ್ 8ರಂದು ರದ್ದಾದ 500 ಮತ್ತು 1,000 ರೂಪಾಯಿ ನೋಟುಗಳ ಮೌಲ್ಯ 15.41 ಲಕ್ಷ ಕೋಟಿ. ವಾಪಸು ಬಂದದ್ದು 15.31 ಲಕ್ಷ ಕೋಟಿ, ಶೇ 99.3. ಆಗ ಊರ್ಜಿತ್ ಪಟೇಲ್ ಕುರ್ಚಿಗೆ ಬಂದು ಎರಡು ತಿಂಗಳಾಗಿತ್ತು.

ಖರ್ಚು ರಿಸರ್ವ್ ಬ್ಯಾಂಕಿನ ಲೆಕ್ಕಪತ್ರದಲ್ಲೇ ಇದೆ. 2015-16ರಲ್ಲಿ ನೋಟು ಮುದ್ರಣಕ್ಕೆ 3,421 ಕೋಟಿ ರೂಪಾಯಿ, 2016-17ರಲ್ಲಿ 7,965 ಕೋಟಿ. ಎರಡು ಪಟ್ಟಿಗೂ ಹೆಚ್ಚು. ಸರ್ಕಾರಕ್ಕೆ ಕೊಟ್ಟ ಹೆಚ್ಚುವರಿ ಹಣ 65,876 ಕೋಟಿಯಿಂದ 30,659 ಕೋಟಿಗೆ ಕುಸಿಯಿತು. 2024-25ರಲ್ಲಿ ಮುದ್ರಣದ ಖರ್ಚು ಸುಮಾರು 6,373 ಕೋಟಿ ರೂಪಾಯಿ.

ಈ ಮುದ್ರಣದಲ್ಲಿ ಮೈಸೂರಿಗೂ ದೊಡ್ಡ ಪಾಲಿದೆ. ರಿಸರ್ವ್ ಬ್ಯಾಂಕು 1995ರಲ್ಲಿ ಸ್ಥಾಪಿಸಿದ ನೋಟು ಮುದ್ರಣ ಕಂಪನಿಗೆ ಎರಡು ಮುದ್ರಣಾಲಯಗಳಿವೆ, ಒಂದು ಮೈಸೂರಿನಲ್ಲಿ, ಇನ್ನೊಂದು ಪಶ್ಚಿಮ ಬಂಗಾಳದ ಸಾಲ್ಬೊನಿಯಲ್ಲಿ. ಎರಡೂ ಸೇರಿ ವರ್ಷಕ್ಕೆ 1,600 ಕೋಟಿ ನೋಟು ಮುದ್ರಿಸುವ ಸಾಮರ್ಥ್ಯವಿದೆ. ನೋಟಿನ ಕಾಗದದ ಕಾರ್ಖಾನೆಯೂ ಮೈಸೂರಿನಲ್ಲಿದೆ, ವರ್ಷಕ್ಕೆ 12,000 ಟನ್ ಸಾಮರ್ಥ್ಯದ್ದು. 2022ರಿಂದ ಶಾಯಿಯ ಘಟಕವೂ ಸೇರಿದೆ, ಅದರ ಸಾಮರ್ಥ್ಯ 1,500 ಟನ್. ನೋಟಿನ ಹಿಂಬದಿಯಲ್ಲಿ 15 ಭಾಷೆಗಳಲ್ಲಿ ಮೌಲ್ಯ ಬರೆದಿರುವ ಪಟ್ಟಿಯಲ್ಲಿ ಮೇಲಿನಿಂದ ನಾಲ್ಕನೆಯ ಸಾಲು ಕನ್ನಡ.

ಲಾಭದ ಪಾಲು

ರಿಸರ್ವ್ ಬ್ಯಾಂಕು ತನ್ನ ಖರ್ಚು, ಆಪತ್ತಿನ ನಿಧಿ ತೆಗೆದಿಟ್ಟು ಉಳಿದದ್ದನ್ನು ಸರ್ಕಾರಕ್ಕೆ ಕೊಡಬೇಕು. ಇತ್ತೀಚಿನ ವರ್ಷಗಳ ಲೆಕ್ಕ ಹೀಗಿದೆ:

2018-19: 1,76,051 ಕೋಟಿ ರೂಪಾಯಿ
2021-22: 30,307 ಕೋಟಿ ರೂಪಾಯಿ
2022-23: 87,416 ಕೋಟಿ ರೂಪಾಯಿ
2023-24: 2,10,874 ಕೋಟಿ ರೂಪಾಯಿ
2024-25: 2,68,590 ಕೋಟಿ ರೂಪಾಯಿ

ಮೂರೇ ವರ್ಷದಲ್ಲಿ ಸುಮಾರು 9 ಪಟ್ಟು ಏರಿಕೆ. 2024-25ರ ಮೊತ್ತ ಎಷ್ಟು ದೊಡ್ಡದೆಂದರೆ, ಕರ್ನಾಟಕದ 2025-26ರ ಇಡೀ ಬಜೆಟ್‌ನ, ಅಂದರೆ 4,09,549 ಕೋಟಿ ರೂಪಾಯಿಯ, ಮೂರನೇ ಎರಡು ಪಾಲಿನಷ್ಟಾಗುತ್ತದೆ. ಇಷ್ಟು ಹಣ ಕಣ್ಣಮುಂದೆ ಇರುವಾಗ ಯಾವ ಸರ್ಕಾರಕ್ಕೂ ಆಸೆ ಹುಟ್ಟುವುದು ಸಹಜ. 2018ರಲ್ಲಿ ಊರ್ಜಿತ್ ಪಟೇಲ್ ಅವರ ಕಾಲದಲ್ಲಿ ಆಪತ್ತಿನ ನಿಧಿ ಎಷ್ಟಿರಬೇಕು ಎಂಬ ವಿಷಯಕ್ಕೇ ಬಹಿರಂಗ ತಿಕ್ಕಾಟ ನಡೆಯಿತು. ಡಿಸೆಂಬರ್ 10ರಂದು ಅವರು ವೈಯಕ್ತಿಕ ಕಾರಣ ಎಂದು ಹೇಳಿ ರಾಜೀನಾಮೆ ಕೊಟ್ಟರು. ಆಮೇಲೆ, 2019ರಲ್ಲಿ, ಮಾಜಿ ಗವರ್ನರ್ ಬಿಮಲ್ ಜಲಾನ್ ಸಮಿತಿ ಒಂದು ಸೂತ್ರ ಕೊಟ್ಟಿತು: ಆಪತ್ತಿನ ನಿಧಿ ಬ್ಯಾಂಕಿನ ಆಸ್ತಿಯ ಶೇ 5.5ರಿಂದ ಶೇ 6.5ರಷ್ಟಿರಬೇಕು. 2025ರಲ್ಲಿ ಈ ಮಿತಿಯನ್ನು ಶೇ 4.5ರಿಂದ ಶೇ 7.5ಕ್ಕೆ ಹಿಗ್ಗಿಸಿ, ಆ ವರ್ಷ ಶೇ 7.5ರಷ್ಟನ್ನು ತೆಗೆದಿಡಲಾಯಿತು. ಜಗಳಕ್ಕೆ ಅಂಕಿಯೊಂದು ಗಡಿ ಹಾಕಿತು. ದಾಖಲೆ ಮೊತ್ತ ಕೊಟ್ಟ ವರ್ಷವೇ ಆಪತ್ತಿನ ನಿಧಿಯೂ ಗರಿಷ್ಠ ಮಟ್ಟದಲ್ಲಿತ್ತು.

ಕಾನೂನಿನಲ್ಲಿ ಇರುವುದು, ಇಲ್ಲದಿರುವುದು

ಇಷ್ಟೆಲ್ಲ ಹೊಣೆ ಹೊರುವ ಗವರ್ನರ್ ಅವರ ಮೂಲ ವೇತನ 2016ರ ಪರಿಷ್ಕರಣೆಯಂತೆ ತಿಂಗಳಿಗೆ 2.5 ಲಕ್ಷ ರೂಪಾಯಿ. ಅದಕ್ಕೆ ಮೊದಲು 90,000. ಸಂಬಳಕ್ಕಾಗಿ ಯಾರೂ ಈ ಹುದ್ದೆಗೆ ಬರುವುದಿಲ್ಲ. 26 ಮಂದಿಯಲ್ಲಿ ಕನಿಷ್ಠ ಅರ್ಧದಷ್ಟು ಜನ ಐಸಿಎಸ್, ಐಎಎಸ್‌ನಂಥ ಸರ್ಕಾರಿ ಸೇವೆಗಳಿಂದ ಬಂದವರು. ಒಬ್ಬ ಮಹಿಳೆಯೂ ಈವರೆಗೆ ಗವರ್ನರ್ ಆಗಿಲ್ಲ. ಡೆಪ್ಯುಟಿ ಗವರ್ನರ್ ಮಟ್ಟಕ್ಕೆ ಬಂದ ಮಹಿಳೆಯರು ನಾಲ್ವರು: ಕೆ.ಜೆ. ಉದೇಶಿ, ಶ್ಯಾಮಲಾ ಗೋಪಿನಾಥ್, ಉಷಾ ಥೋರಟ್ ಮತ್ತು 2025ರಲ್ಲಿ ನೇಮಕಗೊಂಡ ಪೂನಂ ಗುಪ್ತಾ. ಅರ್ಹರಿಲ್ಲ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಅವಧಿಯ ಬಗ್ಗೆ 1934ರ ಕಾಯ್ದೆ ಹೇಳುವುದು ಇಷ್ಟೇ: ನೇಮಕ 5 ವರ್ಷ ಮೀರಬಾರದು, ಮರುನೇಮಕ ಮಾಡಬಹುದು. ಎಷ್ಟು ಕಡಿಮೆ ಕೊಡಬಹುದು ಎಂಬುದಕ್ಕೆ ಮಿತಿ ಇಲ್ಲ. ಹಾಗಾಗಿ 2 ವರ್ಷ, 3 ವರ್ಷ ಎಂದು ಕೊಟ್ಟು, ಮುಂದುವರಿಸುವುದೋ ಬಿಡುವುದೋ ಸರ್ಕಾರದ ಮರ್ಜಿಗೆ ಉಳಿದಿದೆ. ಕಾಯ್ದೆಯ 11ನೇ ಕಲಮಿನಂತೆ ಗವರ್ನರನ್ನು ತೆಗೆದುಹಾಕುವ ಅಧಿಕಾರವೂ, 7ನೇ ಕಲಮಿನಂತೆ ಗವರ್ನರ್ ಜೊತೆ ಸಮಾಲೋಚಿಸಿ ನಿರ್ದೇಶನ ಕೊಡುವ ಅಧಿಕಾರವೂ ಸರ್ಕಾರಕ್ಕಿದೆ. ಹೊರದೇಶಗಳಲ್ಲಿ ಏನಿದೆ ನೋಡಿ. ಬ್ಯಾಂಕ್ ಆಫ್ ಇಂಗ್ಲೆಂಡ್ ಗವರ್ನರಿಗೆ ಒಂದೇ ಬಾರಿ 8 ವರ್ಷ, ಮರುನೇಮಕ ಇಲ್ಲ. ಯುರೋಪಿನ ಕೇಂದ್ರೀಯ ಬ್ಯಾಂಕಿನ ಅಧ್ಯಕ್ಷರಿಗೂ ಅಷ್ಟೇ. ಅಮೆರಿಕದ ಫೆಡರಲ್ ರಿಸರ್ವ್ ಮಂಡಳಿಯ ಸದಸ್ಯರಿಗೆ 14 ವರ್ಷ. ಮರುನೇಮಕಕ್ಕೆ ಕಾಯಬೇಕಾದವರಿಗಿಂತ ಕಾಯಬೇಕಿಲ್ಲದವರು ಸರ್ಕಾರಕ್ಕೆ ಬೇಡದ ಮಾತನ್ನು ಹೆಚ್ಚು ಧೈರ್ಯದಿಂದ ಹೇಳಬಲ್ಲರು.

90 ವರ್ಷದ ಅಂಕಿಗಳನ್ನು ಕೂಡಿ ಕಳೆದರೆ ಉಳಿಯುವ ತೀರ್ಪು ಇದು. ಈ ಬ್ಯಾಂಕಿಗೆ ಬಲ ಬಂದದ್ದು ವ್ಯಕ್ತಿಗಳ ಧೈರ್ಯದಿಂದ ಮಾತ್ರವಲ್ಲ. 1997ರ ಕಡಿವಾಣ, 2016ರ ಬೆಲೆ ಏರಿಕೆ ಗುರಿ, 2019ರ ಹೆಚ್ಚುವರಿ ಹಣದ ಸೂತ್ರ, ಹೀಗೆ ಒಂದೊಂದು ಕಟ್ಟಳೆ ಬರಹಕ್ಕೆ ಇಳಿದಾಗಲೇ ಅದು ಗಟ್ಟಿಯಾಯಿತು. ಬರಹಕ್ಕೆ ಇಳಿಯದೆ ಉಳಿದದ್ದು ಗವರ್ನರ್ ಅವಧಿಯ ಭದ್ರತೆ. 25ರಲ್ಲಿ 15 ಮಂದಿ 5 ವರ್ಷ ಪೂರೈಸಲಿಲ್ಲ. ಕಾಯ್ದೆಯಲ್ಲಿ ಈಗ ಗರಿಷ್ಠ ಮಿತಿಯಾಗಿರುವ 5 ವರ್ಷವನ್ನು ಸಂಸತ್ತು ಖಾತರಿ ಅವಧಿಯನ್ನಾಗಿ ಮಾಡಬೇಕು. ನಡುವೆ ತೆಗೆಯುವುದಾದರೆ ಕಾರಣವನ್ನು ಸದನದ ಮುಂದೆ ಲಿಖಿತವಾಗಿ ಇಡಬೇಕು. ಬೆಲೆ ಏರಿಕೆ ಮಿತಿ ಮೀರಿದಾಗ ಬರೆಯುವ ಪತ್ರವನ್ನೂ ಜನರಿಗೆ ತೋರಿಸಬೇಕು. ಈ ಮೂರು ತಿದ್ದುಪಡಿಗಳಿಗೆ ಬೊಕ್ಕಸದಿಂದ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.